ಸ್ಪ್ರೇಯರ್ ಪಂಪ್ ಮೋಟಾರಿಗೆ ಪಿಡಬ್ಲ್ಯುಎಮ್ ಕೊಟ್ರೆ ಮಾಸ್ಫೆಟ್ ಸುಡ್ತಿದೆ, ಮೋಟಾರ್ ಕುಂಯ್ ಅಂತಿದೆ

ಅಡಿಕೆಸಸಿ (ಹೊಳಲ್ಕೆರೆ)
ಎಲ್ಲರಿಗೂ ನಮಸ್ಕಾರ. ಬೆನ್ನಿಗೆ ಹಾಕ್ಕೊಳ್ಳೋ ಬ್ಯಾಟರಿ ಸ್ಪ್ರೇಯರ್‌ನ 12 ವೋಲ್ಟ್ ಡಯಾಫ್ರಾಮ್ ಪಂಪು, ಬ್ಯಾಟರಿ 12 ವೋಲ್ಟ್ 8 ಎಎಚ್. ಸಸಿ ಮಡಿಗೆ ಔಷಧಿ ಹೊಡೆಯೋಕೆ ಒತ್ತಡ ಕಮ್ಮಿ ಬೇಕು, ಅದಕ್ಕೆ ಪಿಡಬ್ಲ್ಯುಎಮ್ (ಕರೆಂಟನ್ನ ಸೆಕೆಂಡಿಗೆ ನೂರಾರು ಸಲ ಆನ್-ಆಫ್ ಮಾಡಿ ಸರಾಸರಿ ಇಳಿಸೋದು) ಬಳಸಿ ಮೋಟಾರ್ ವೇಗ ಇಳಿಸ್ಬೇಕು.

ಈಗಿರೋ ಸರ್ಕ್ಯೂಟ್: ಆರ್ಡುಯಿನೋ ಊನೋ ಅನ್ನೋ ಪ್ರೋಗ್ರಾಮ್ ಮಾಡೋ ಬೋರ್ಡಿನ 9ನೇ ಪಿನ್ನಿಂದ 220 ಓಮ್ ದಾಟಿ ಐಆರ್‌ಎಫ್‌ಝಡ್44ಎನ್ ಮಾಸ್ಫೆಟ್‌ನ (ಸ್ವಿಚ್ ತರಹದ ಮೂರು ಕಾಲಿನ ಟ್ರಾನ್ಸಿಸ್ಟರ್) ಗೇಟಿಗೆ, ಅಂದ್ರೆ ಅದನ್ನ ಆನ್-ಆಫ್ ಮಾಡೋ ಕಾಲಿಗೆ. ಕರೆಂಟ್ ಹರಿಯೋ ಉಳಿದೆರಡು ಕಾಲಲ್ಲಿ ಸೋರ್ಸ್ ಗ್ರೌಂಡಿಗೆ, ಡ್ರೇನ್ ಮೋಟಾರಿನ ಮೈನಸ್‌ಗೆ, ಮೋಟಾರಿನ ಪ್ಲಸ್ ನೇರ ಬ್ಯಾಟರಿಗೆ. ಮೋಟಾರಿನ ಮೇಲೆ ಒಂದು 1ಎನ್4007 ಡಯೋಡ್. 10 ಕೆ ಪಾಟ್ (ತಿರುಗಿಸೋ ರೆಸಿಸ್ಟರ್) ಓದಿ, ಪಿಡಬ್ಲ್ಯುಎಮ್ ಕೊಡೋ ಅನಲಾಗ್‌ರೈಟ್ ಆದೇಶಕ್ಕೆ 0–255 (255 ಅಂದ್ರೆ ಫುಲ್) ಕೊಡ್ತಿದೀನಿ.

ತೊಂದರೆ ಮೂರು. 70ಕ್ಕಿಂತ ಕೆಳಗೆ ಮೋಟಾರ್ ಕುಂಯ್ ಅನ್ನುತ್ತೆ, ತಿರುಗಲ್ಲ. ಫುಲ್ ಕೊಟ್ರೂ ಮಾಸ್ಫೆಟ್ ಎರಡೇ ನಿಮಿಷಕ್ಕೆ ಮುಟ್ಟೋಕಾಗದಷ್ಟು ಬಿಸಿ. ಆಮೇಲೆ ಊನೋ ಆಗಾಗ ತಾನೇ ರೀಸೆಟ್ ಆಗುತ್ತೆ. ಎಲ್ಲಿ ತಪ್ಪಿದೆ?

ಬ್ರೆಡ್‌ಬೋರ್ಡ್_ಬಸ್ಯಾ (ದಾವಣಗೆರೆ)
ದೊಡ್ಡ ಹೀಟ್‌ಸಿಂಕ್ ಹಾಕು ಗುರು, ಮುಗೀತು.

ಗೇಟ್‌ಚಾರ್ಜ್ (ದಾವಣಗೆರೆ, ವಿದ್ಯಾನಗರ)
ಮುಗಿಯಲ್ಲ ಬಸ್ಯಾ. ಹೀಟ್‌ಸಿಂಕ್ ಹಾಕಿದ್ರೆ ಅದೇ ಶಾಖ ಅಗಲವಾದ ಜಾಗಕ್ಕೆ ಹೋಗುತ್ತೆ, ಬ್ಯಾಟರಿಯಿಂದ ಪೋಲಾಗೋದು ನಿಲ್ಲಲ್ಲ.

ಝಡ್44ಎನ್ ಲಾಜಿಕ್ ಲೆವೆಲ್ ಮಾಸ್ಫೆಟ್ ಅಲ್ಲ, ಅಂದ್ರೆ 5 ವೋಲ್ಟ್ ಗೇಟಲ್ಲೇ ಪೂರ್ತಿ ಆನ್ ಆಗೋ ಜಾತಿ ಅಲ್ಲ. ಡೇಟಾಶೀಟಲ್ಲಿ ಬರೆದಿರೋ 17.5 ಮಿಲಿಓಮ್ ಆನ್ ರೆಸಿಸ್ಟೆನ್ಸ್ ಬರೋದು ಗೇಟಿಗೆ 10 ವೋಲ್ಟ್ ಕೊಟ್ಟಾಗ. ಥ್ರೆಶೋಲ್ಡ್ (ಆನ್ ಆಗೋಕೆ ಶುರುವಾಗೋ ಗೇಟ್ ವೋಲ್ಟೇಜ್) 2ರಿಂದ 4 ವೋಲ್ಟ್ ಅಂತ ನೋಡಿ ‘5 ವೋಲ್ಟ್ ಸಾಕಲ್ವಾ’ ಅಂದ್ಕೋತಾರೆ. ಆ ಥ್ರೆಶೋಲ್ಡ್ ಅಳೆದಿರೋದು ಬರೀ 250 ಮೈಕ್ರೋಆಂಪ್ ಹರಿಯುವಾಗ! ಅಂದ್ರೆ ಬಾಗಿಲು ಕೂದಲೆಳೆಯಷ್ಟು ತೆರೆದ ಹಂತ ಅದು. ನಿಮ್ಮ ಪೀಸ್‌ನ ಥ್ರೆಶೋಲ್ಡ್ 2ರ ಹತ್ರ ಇದ್ರೆ 5 ವೋಲ್ಟಲ್ಲೂ ಹೇಗೋ ನಡೆಯುತ್ತೆ, 4ರ ಹತ್ರ ಇದ್ರೆ ಅರ್ಧಂಬರ್ಧ ಆನ್ ಆಗಿ ಕಾಯುತ್ತೆ. ಅದಕ್ಕೇ ಒಬ್ರಿಗೆ ಸರಿಹೋದ ಸರ್ಕ್ಯೂಟ್ ಇನ್ನೊಬ್ರಿಗೆ ಕೈಕೊಡೋದು.

ಹಿಂಗೆ ಅಳೀರಿ: ಪಾಟ್ ಪೂರ್ತಿ ತಿರುಗಿಸಿ 255 ಕೊಡಿ. ಆಗ ಪಲ್ಸ್ ಇರಲ್ಲ, ಪಿನ್ ಸತತ ಹೈ. ಗೇಟ್‌ನಿಂದ ಸೋರ್ಸ್‌ಗೆ ಎಷ್ಟು ವೋಲ್ಟ್, ಡ್ರೇನ್‌ನಿಂದ ಸೋರ್ಸ್‌ಗೆ ಎಷ್ಟು ವೋಲ್ಟ್, ಮೋಟಾರ್ ಕರೆಂಟ್ ಎಷ್ಟು ಅಂತ ಬರೀರಿ. ಪಲ್ಸ್ ಹೋಗ್ತಿರುವಾಗ ಅಳೆದ್ರೆ ಮೀಟರ್ ಸರಾಸರಿ ತೋರಿಸುತ್ತೆ, ಏನೂ ಗೊತ್ತಾಗಲ್ಲ.

ಅಡಿಕೆಸಸಿ
ಗೇಟ್ 4.8. ಡ್ರೇನ್-ಸೋರ್ಸ್ 0.7. ಕರೆಂಟ್ 2.5 ಆಂಪ್, ನಳಿಕೆ ತೆರೆದು ನೀರು ಹೊಡೀತಿರುವಾಗ.

ಗೇಟ್‌ಚಾರ್ಜ್
ಸಿಕ್ತಲ್ಲ. 0.7 ಇಂಟು 2.5, ಅಂದ್ರೆ 1.75 ವ್ಯಾಟ್. ಹೀಟ್‌ಸಿಂಕ್ ಇಲ್ಲದ ಟಿಒ-220 ಪ್ಯಾಕೇಜ್ (ಈ ಮಾಸ್ಫೆಟ್‌ನ ಕವಚ) ಒಂದೊಂದು ವ್ಯಾಟ್‌ಗೂ ಸುಮಾರು 62 ಡಿಗ್ರಿ ಏರುತ್ತೆ. ಸುತ್ತಲಿನ ಬಿಸಿಗಿಂತ 100 ಡಿಗ್ರಿಗೂ ಮೇಲೆ. ನಮ್ಮ ಕಡೆ ಏಪ್ರಿಲ್ ಬಿಸಿಲನ್ನ ಅದಕ್ಕೆ ಸೇರಿಸ್ಕೊಳ್ಳಿ.

ಐಆರ್‌ಎಲ್‌ಝಡ್44ಎನ್ ಹಾಕಿ. ‘ಎಫ್’ ಅಲ್ಲ, ‘ಎಲ್’. ಅದು 5 ವೋಲ್ಟ್ ಗೇಟಲ್ಲೇ 25 ಮಿಲಿಓಮ್‌ಗೆ ಇಳಿಯುತ್ತೆ. 2.5ರ ವರ್ಗ ಇಂಟು 0.025, ಸುಮಾರು 0.16 ವ್ಯಾಟ್. ಹೀಟ್‌ಸಿಂಕೇ ಬೇಡ. ಕಾಲುಗಳ ಕ್ರಮ ಒಂದೇ: ಅಕ್ಷರ ಕಾಣೋ ಹಾಗೆ ಹಿಡಿದ್ರೆ ಎಡದಿಂದ ಗೇಟ್, ಡ್ರೇನ್, ಸೋರ್ಸ್. ಹಿಂದಿನ ಲೋಹದ ಪಟ್ಟಿನೂ ಡ್ರೇನೇ, ಡಬ್ಬಿಗೆ ತಾಗಿಸಬೇಡಿ.

ಮಂಡಿಪೇಟೆ_ಮೀಟರ್ (ದಾವಣಗೆರೆ)
ಅಂಗಡೀಲಿ ಬರೀ ‘ಝಡ್44’ ಅಂತ ಕೇಳಿದ್ರೆ ಎಫ್ಫೇ ಕೊಡ್ತಾರೆ, ಯಾಕಂದ್ರೆ ಯುಪಿಎಸ್, ಇನ್ವರ್ಟರ್ ರಿಪೇರಿಗೆ ಹೋಗೋದು ಅದೇ. ಮೇಲೆ ಬರೆದಿರೋದು ಓದಿ ತಗೊಳ್ರಿ. ಮತ್ತೆ ‘ಮಾಸ್ಫೆಟ್ ಮಾಡ್ಯೂಲ್’ ಅಂತ ಹಸಿರು ಟರ್ಮಿನಲ್ ಇರೋ ಚಿಕ್ಕ ಬೋರ್ಡ್ ಬರ್ತದಲ್ಲ, ಅದರಲ್ಲಿ ಬಹಳ ಸಲ ಇರೋದು ಐಆರ್‌ಎಫ್520. ಅದಂತೂ 10 ವೋಲ್ಟಲ್ಲೇ 0.27 ಓಮ್. ಆರ್ಡುಯಿನೋಗೆ ಅಂತ ಮಾರ್ತಾರೆ, ಆರ್ಡುಯಿನೋಗೆ ಆಗಲ್ಲ.

ಟೈಮರ್‌ಬಾಬಾ (ಚಿತ್ರದುರ್ಗ)
ಅಲ್ರೀ, ಒಂದು ಪಾಟ್ ತಿರುಗಿಸಿ ಒಂದು ಪಂಪ್ ಓಡಿಸೋಕೆ ಆರ್ಡುಯಿನೋ ಯಾಕ್ರೀ? 555 ಟೈಮರ್ ಐಸಿ ಸಾಕು, ಪಲ್ಸ್ ಅದೇ ಕೊಡುತ್ತೆ. ಅದನ್ನ 12 ವೋಲ್ಟಲ್ಲೇ ಓಡಿಸಿದ್ರೆ 3ನೇ ಕಾಲಲ್ಲಿ ಹತ್ತೂವರೆ ವೋಲ್ಟ್ ಬರುತ್ತೆ, ಕೈಯಲ್ಲಿರೋ ಝಡ್44ಎನ್ನೇ ತಣ್ಣಗೆ ಕೆಲಸ ಮಾಡುತ್ತೆ.

ಜೋಡಣೆ ಬರ್ಕೊಳ್ಳಿ. 1 ಗ್ರೌಂಡ್. 8 ಮತ್ತು 4 ಪ್ಲಸ್‌ಗೆ. 5ರಿಂದ ಗ್ರೌಂಡಿಗೆ 0.01 ಮೈಕ್ರೋಫ್ಯಾರಡ್. ಪ್ಲಸ್‌ನಿಂದ 7ಕ್ಕೆ 1 ಕೆ. 7ರಿಂದ ಎರಡು 1ಎನ್4148 ಡಯೋಡ್: ಒಂದರ ಪಟ್ಟೆ ಇಲ್ಲದ ತುದಿ 7ಕ್ಕೆ, ಇನ್ನೊಂದರ ಪಟ್ಟೆ ಇರೋ ತುದಿ 7ಕ್ಕೆ. ಅವುಗಳ ಉಳಿದ ತುದಿಗಳು 100 ಕೆ ಪಾಟ್‌ನ ಎರಡು ಅಂಚಿನ ಕಾಲಿಗೆ. ಪಾಟ್‌ನ ನಡುವಿನ ಕಾಲು 2 ಮತ್ತು 6ಕ್ಕೆ ಒಟ್ಟಿಗೆ, ಅಲ್ಲಿಂದ ಗ್ರೌಂಡಿಗೆ 0.01 ಮೈಕ್ರೋಫ್ಯಾರಡ್ (ಮೇಲೆ 103 ಅಂತ ಇರುತ್ತೆ). 3ರಿಂದ 100 ಓಮ್ ದಾಟಿ ಗೇಟ್. ಗೇಟ್‌ನಿಂದ ಗ್ರೌಂಡಿಗೆ 10 ಕೆ.

ಕೆಪಾಸಿಟರ್ ತುಂಬೋದು ಪಾಟ್‌ನ ಒಂದು ಭಾಗದಿಂದ, ಖಾಲಿ ಆಗೋದು ಇನ್ನೊಂದು ಭಾಗದಿಂದ. ಎರಡೂ ಸೇರಿ ಯಾವಾಗ್ಲೂ 100 ಕೆ. ಹಾಗಾಗಿ ಪಾಟ್ ತಿರುಗಿಸಿದ್ರೆ ಫ್ರೀಕ್ವೆನ್ಸಿ ಹೆಚ್ಚುಕಮ್ಮಿ ಅಲ್ಲೇ ನಿಲ್ಲುತ್ತೆ (ಸುಮಾರು 1.4 ಕಿಲೋಹರ್ಟ್ಸ್), ಡ್ಯೂಟಿ (ಪ್ರತಿ ಪಲ್ಸಲ್ಲಿ ಆನ್ ಇರೋ ಪಾಲು) ಮಾತ್ರ ಬದಲಾಗುತ್ತೆ. ಈ ಐಸಿ 1972ರಿಂದ ಮಾರುಕಟ್ಟೇಲಿದೆ, ಇನ್ನೂ ಯಾರೂ ಇದನ್ನ ಮೂಲೆಗೆ ಹಾಕೋಕಾಗಿಲ್ಲ.

ಬ್ರೆಡ್‌ಬೋರ್ಡ್_ಬಸ್ಯಾ
ಬಂತಪ್ಪ 555 ಸಂಘ.

ಗೇಟ್‌ಚಾರ್ಜ್
ಬಾಬಾ, ಸರ್ಕ್ಯೂಟ್ ಸರಿ ಇದೆ, ಒಂದು ಬಿಟ್ಟಿದೀರಿ. ಮೋಟಾರ್ ಇರೋ ಅದೇ 12 ವೋಲ್ಟ್ ಲೈನಿಗೆ 555ನ ನೇರ ಕಟ್ಟಿದ್ರೆ ಮೋಟಾರ್ ಬ್ರಷ್‌ನ ವೋಲ್ಟೇಜ್ ಸ್ಪೈಕ್ ಎಲ್ಲಾ ಅದರ ತಲೆ ಮೇಲೆ. ಎನ್‌ಇ555ರ ಮಿತಿ 16 ವೋಲ್ಟ್. ಬ್ಯಾಟರಿ ಪ್ಲಸ್‌ನಿಂದ 47 ಓಮ್ ದಾಟಿಸಿ, ಐಸಿಯ 8 ಮತ್ತು 1ರ ನಡುವೆ 100 ಮೈಕ್ರೋಫ್ಯಾರಡ್ ಜೊತೆ ಒಂದು 104 (0.1 ಮೈಕ್ರೋಫ್ಯಾರಡ್) ಸೆರಾಮಿಕ್ ಕೆಪಾಸಿಟರ್ ಹಾಕಿ.

ಟೈಮರ್‌ಬಾಬಾ
ಒಪ್ಪಿದೆ. ಬರೀಬೇಕಿತ್ತು.

ಎಚ್‌ಬ್ರಿಡ್ಜ್_ಹುಡುಗಿ (ದಾವಣಗೆರೆ)
ಡಯೋಡ್ ಬಗ್ಗೆ ಯಾರೂ ಮಾತಾಡ್ತಿಲ್ಲ. 1ಎನ್4007 ಇಲ್ಲಿ ಎರಡು ಕಾರಣಕ್ಕೆ ಬೇಡ. ಒಂದು, ಅದು ನಿಧಾನ. ಕರೆಂಟ್ ನಿಲ್ಲಿಸು ಅಂದ್ರೂ ಕೆಲವು ಮೈಕ್ರೋಸೆಕೆಂಡ್ ಹಿಮ್ಮುಖವಾಗಿ ಹರಿಸ್ತಾನೇ ಇರುತ್ತೆ. ಊನೋದ 9ನೇ ಪಿನ್ ಕೊಡೋ 490 ಹರ್ಟ್ಸಲ್ಲಿ ಅದು ಕಾಣಲ್ಲ, ಫ್ರೀಕ್ವೆನ್ಸಿ ಏರಿಸಿದ್ರೆ ಡಯೋಡೂ ಮಾಸ್ಫೆಟ್ಟೂ ಎರಡೂ ಕಾಯ್ತವೆ. ಎರಡನೇದು ಇನ್ನೂ ಮುಖ್ಯ: ಅದು 1 ಆಂಪ್ ಡಯೋಡು.

ಮಂಡಿಪೇಟೆ_ಮೀಟರ್
ಹಂಗಾದ್ರೆ 1ಎನ್5819 ಶಾಟ್ಕಿ, ಬೇಗ ಸ್ವಿಚ್ ಆಗೋ ಡಯೋಡ್. ಎಲ್ಲಾ ಕಡೆ ಅದನ್ನೇ ಹೇಳ್ತಾರೆ.

ಎಚ್‌ಬ್ರಿಡ್ಜ್_ಹುಡುಗಿ
ಅದೂ 1 ಆಂಪೇ ಸರ್. ಮಾಸ್ಫೆಟ್ ಆಫ್ ಇರೋ ಹೊತ್ತಲ್ಲೂ ಮೋಟಾರ್ ಸುರುಳಿ ಕರೆಂಟನ್ನ ಬಿಡಲ್ಲ, ಅದು ಡಯೋಡ್ ಮೂಲಕ ಸುತ್ತು ಹಾಕುತ್ತೆ. 40% ಡ್ಯೂಟಿ, ಮೋಟಾರಲ್ಲಿ 2.5 ಆಂಪ್ ಇದ್ರೆ ಉಳಿದ 60% ಹೊತ್ತು ಅಷ್ಟೂ ಡಯೋಡಿನದ್ದು. ಸರಾಸರಿ 1.5 ಆಂಪ್. ಚಿಕ್ಕ ಆಟಿಕೆ ಮೋಟಾರಿಗೆ 5819 ಸರಿ. ಈ ಪಂಪಿಗೆ 1ಎನ್5822 ಬೇಕು, ಅದು 3 ಆಂಪ್ 40 ವೋಲ್ಟ್. ಸಿಗದಿದ್ರೆ ಸತ್ತ ಕಂಪ್ಯೂಟರ್ ಎಸ್‌ಎಮ್‌ಪಿಎಸ್ (ಪವರ್ ಸಪ್ಲೈ) ಬಿಚ್ಚಿ. ಔಟ್‌ಪುಟ್ ಬದಿಯ ಹೀಟ್‌ಸಿಂಕ್ ಮೇಲೆ ಮೂರು ಕಾಲಿನ ಜೋಡಿ ಶಾಟ್ಕಿ ಇರ್ತವೆ, ನಂಬರ್ ನೋಡಿ ತೆಗೀರಿ.

ಪಟ್ಟೆ ಇರೋ ತುದಿ ಬ್ಯಾಟರಿ ಪ್ಲಸ್ ಕಡೆ. ಉಲ್ಟಾ ಹಾಕಿದ್ರೆ ಮಾಸ್ಫೆಟ್ ಆನ್ ಆದ ತಕ್ಷಣ ನೇರ ಶಾರ್ಟ್.

ಸಾಲ್ಡರ್_ಸೀಮೆ (ಚಳ್ಳಕೆರೆ)
ಇಷ್ಟೆಲ್ಲಾ ಯಾಕೆ? ಎಲ್298ಎನ್ ಮೋಟಾರ್ ಡ್ರೈವರ್ ಬೋರ್ಡ್ ತಗೊಂಡ್ರೆ ಡಯೋಡ್, ಡ್ರೈವರ್ ಎಲ್ಲಾ ಒಳಗೇ ಇರುತ್ತೆ.

ಎಚ್‌ಬ್ರಿಡ್ಜ್_ಹುಡುಗಿ
ಎಲ್298 ಹಳೇ ಬೈಪೋಲಾರ್ ಐಸಿ, ಒಂದು ಚಾನೆಲ್‌ಗೆ 2 ಆಂಪ್. ಆ 2 ಆಂಪಲ್ಲಿ ಮೇಲಿನ-ಕೆಳಗಿನ ಟ್ರಾನ್ಸಿಸ್ಟರ್ ಸೇರಿ 4.9 ವೋಲ್ಟ್ ತನಕ ನುಂಗಬಹುದು ಅಂತ ಡೇಟಾಶೀಟೇ ಹೇಳುತ್ತೆ. 12ರಲ್ಲಿ 5 ಹೋದ್ರೆ ಪಂಪಿಗೆ ಏನುಳಿತು? ಸ್ಪ್ರೇಯರ್‌ಗೆ ದಿಕ್ಕು ಬದಲಿಸೋ ಅಗತ್ಯನೂ ಇಲ್ಲ, ಒಂದೇ ಮಾಸ್ಫೆಟ್ ಸಾಕು.

ರೋಬೋಟಿನ ಹಳದಿ ಬಿಒ ಮೋಟಾರಿಗೆ (ಚಿಕ್ಕ ಗೇರ್ ಮೋಟಾರ್) ಎರಡೂ ದಿಕ್ಕು ಬೇಕಾದ್ರೂ ಟಿಬಿ6612 ಅಥವಾ ಡಿಆರ್‌ವಿ8833 ಡ್ರೈವರ್ ತಗೊಳ್ಳಿ. ಎಲ್298 ಕೈಯಲ್ಲಿದ್ದು ವೇಗ ಬದಲಾಗ್ತಿಲ್ಲ ಅನ್ನೋರು ಮೊದಲು ಇಎನ್‌ಎ (ಎನೇಬಲ್ ಪಿನ್) ಮೇಲಿನ ಜಂಪರ್ ಕಿತ್ತಿದೀರಾ ನೋಡ್ಕೊಳ್ಳಿ. ಅದು ಇದ್ರೆ ಎನೇಬಲ್ ಸತತ ಆನ್, ಪಿಡಬ್ಲ್ಯುಎಮ್‌ಗೆ ಜಾಗವೇ ಇಲ್ಲ. ಕಾಲೇಜ್ ಪ್ರಾಜೆಕ್ಟ್ ಸೀಸನ್ನಲ್ಲಿ ಅರ್ಧ ಪ್ರಶ್ನೆ ಇದೇ ಆಗಿರುತ್ತೆ.

ಸಾಲ್ಡರ್_ಸೀಮೆ
2 ಆಂಪ್ ಮಿತಿ ಇರೋದು ಗಮನಿಸಿರಲಿಲ್ಲ. ಸರಿ, ವಾಪಸ್ ತಗೊಂಡೆ.

ಅಡಿಕೆಸಸಿ
ಎಲ್‌ಝಡ್44ಎನ್, 5822 ಹಾಕ್ತೀನಿ. ಆ ಕುಂಯ್ ಸದ್ದು? ಫ್ರೀಕ್ವೆನ್ಸಿ 31 ಕಿಲೋಹರ್ಟ್ಸ್ ಮಾಡಿದ್ರೆ ಹೋಗುತ್ತೆ ಅಂತಾರೆ, ನಿಜನಾ?

ಬ್ರೆಡ್‌ಬೋರ್ಡ್_ಬಸ್ಯಾ
ನಿಜ. ಊನೋದೊಳಗಿನ ಟೈಮರ್ 1ರ ಪ್ರಿಸ್ಕೇಲರ್ (ಗಡಿಯಾರದ ವೇಗ ಭಾಗಿಸೋ ಸಂಖ್ಯೆ) 1 ಮಾಡು, 9 ಮತ್ತು 10ನೇ ಪಿನ್ 31,372 ಹರ್ಟ್ಸ್‌ಗೆ ಹೋಗುತ್ತೆ. ಕಿವಿಗೆ ಕೇಳಲ್ಲ. ಒಂದೇ ಸಾಲು.

ಗೇಟ್‌ಚಾರ್ಜ್
ಸಾಲು ಒಂದೇ, ಆಮೇಲೆ ಮಾಸ್ಫೆಟ್ ಮತ್ತೆ ಸುಡುತ್ತೆ. ಲೆಕ್ಕ ನೋಡ್ರಿ. ಗೇಟ್ ಅಂದ್ರೆ ಒಂದು ಕೆಪಾಸಿಟರ್. ಎಲ್‌ಝಡ್44ಎನ್ ಆನ್ ಆಗುವಾಗ ಗೇಟ್ ಸುಮಾರು 3 ವೋಲ್ಟಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೆ, ಆ ಘಟ್ಟ ದಾಟೋಕೆ 25 ನ್ಯಾನೋಕೂಲಂಬ್‌ವರೆಗೂ ಬೇಕು. ಪಿನ್ 5 ವೋಲ್ಟ್, 220 ಓಮ್ ಇದ್ರೆ ಸಿಗೋದು 9 ಮಿಲಿಆಂಪ್. ಅಂದ್ರೆ 2.8 ಮೈಕ್ರೋಸೆಕೆಂಡ್. ಆಫ್ ಆಗುವಾಗ ಇನ್ನೊಂದು 1.8. ಈ ಹೊತ್ತಲ್ಲೆಲ್ಲಾ ಮಾಸ್ಫೆಟ್ ಮೇಲೆ ವೋಲ್ಟೇಜೂ ಇದೆ, ಕರೆಂಟೂ ಇದೆ. 12 ವೋಲ್ಟ್, 2.5 ಆಂಪ್‌ಗೆ ಸೆಕೆಂಡಿಗೆ 31 ಸಾವಿರ ಸಲ ಹೀಗಾದ್ರೆ ಸುಮಾರು 2 ವ್ಯಾಟ್ ಶಾಖ. ಹಳೇ ಝಡ್44ಎನ್ ಕಾಲಕ್ಕೆ ವಾಪಸ್.

ಪ್ರಿಸ್ಕೇಲರ್ 8 ಇಟ್ರೆ 3,921 ಹರ್ಟ್ಸ್, ಅದೇ ನಷ್ಟ ಕಾಲು ವ್ಯಾಟ್ ಆಸುಪಾಸು. ಸದ್ದು ಮಾತ್ರ ಇನ್ನೂ ಕರ್ಕಶ.

ಬ್ರೆಡ್‌ಬೋರ್ಡ್_ಬಸ್ಯಾ
220 ಬದಲು 10 ಓಮ್ ಹಾಕಿದ್ರೆ ಗೇಟ್ ಬೇಗ ತುಂಬಲ್ವಾ?

ಗೇಟ್‌ಚಾರ್ಜ್
ಪಿನ್ನಿನ ಗರಿಷ್ಠ ಮಿತಿ 40 ಮಿಲಿಆಂಪ್, ಸತತ ಬಳಕೆಗೆ 20 ಒಳ್ಳೇದು. 220 ಓಮಿಗೇ ಮೊದಲ ಕ್ಷಣ 23 ಮಿಲಿಆಂಪ್ ಎಳೆಯುತ್ತೆ. 31 ಕಿಲೋಹರ್ಟ್ಸ್ ಬೇಕೇ ಬೇಕು ಅನ್ನೋರು ನಡುವೆ ಗೇಟ್ ಡ್ರೈವರ್ ಹಾಕಿ. ಟಿಸಿ4427 ಎಂಟು ಕಾಲಿನ ಐಸಿ, 1.5 ಆಂಪ್ ತಳ್ಳುತ್ತೆ, 12 ವೋಲ್ಟಲ್ಲೇ ಓಡುತ್ತೆ. ಆಗ ಗೇಟಿಗೂ 12 ವೋಲ್ಟ್ ಸಿಗೋದ್ರಿಂದ ಆ ಬಡಪಾಯಿ ಝಡ್44ಎನ್ ಕೂಡ ನಡೆಯುತ್ತೆ.

ಟೈಮರ್‌ಬಾಬಾ
ಹೊಲದಲ್ಲಿ ಕುಂಯ್ ಅಂದ್ರೆ ಯಾರಿಗ್ರೀ ತೊಂದರೆ? ಪಂಪಿನ ಬಡಿತವೇ ಅದಕ್ಕಿಂತ ಜೋರು. 490 ಹರ್ಟ್ಸಲ್ಲೇ ಬಿಡಿ.

ಎಚ್‌ಬ್ರಿಡ್ಜ್_ಹುಡುಗಿ
ಈ ಸಲ ಬಾಬಾ ಪರ ನಾನು. ಫ್ರೀಕ್ವೆನ್ಸಿ ಏರಿಸಿದ್ರೆ ಮೋಟಾರಲ್ಲಿ ಕರೆಂಟ್ ಸಮತಟ್ಟಾಗುತ್ತೆ, ಮೋಟಾರ್ ಕಮ್ಮಿ ಕಾಯುತ್ತೆ, ಅದು ಲಾಭವೇ. ಆದ್ರೆ ನಿಂತ ಮೋಟಾರನ್ನ ಅಲುಗಾಡಿಸಿ ಎಬ್ಬಿಸೋ ಏರಿಳಿತ ಹೋಗುತ್ತೆ. ಬಿಒ ಮೋಟಾರನ್ನ ತೀರಾ ನಿಧಾನ ತೆವಳಿಸಬೇಕಾದ್ರೆ 122 ಅಥವಾ 30 ಹರ್ಟ್ಸ್‌ಗೆ ಇಳಿಸ್ತಾರೆ, ಗಡಗಡ ಅನ್ನುತ್ತೆ, ಆದ್ರೆ ಹೊರಡುತ್ತೆ.

70ರ ಕೆಳಗೆ ತಿರುಗದೇ ಇರೋದು ಮಾಸ್ಫೆಟ್ ಬದಲಿಸಿದ್ರೂ ಪೂರ್ತಿ ಹೋಗಲ್ಲ. 70 ಅಂದ್ರೆ 27%, ಸರಾಸರಿ 3.3 ವೋಲ್ಟ್. ಪೈಪಲ್ಲಿ ಒತ್ತಡ ನಿಂತಿದ್ರೆ ಡಯಾಫ್ರಾಮ್ ತಳ್ಳೋಕೆ ಅಷ್ಟು ಸಾಲದು. ಹೊರಡುವಾಗ 150 ಮಿಲಿಸೆಕೆಂಡ್ 255 ಕೊಟ್ಟು ಎಬ್ಬಿಸಿ, ಆಮೇಲೆ ಬೇಕಾದ ಮಟ್ಟಕ್ಕೆ ಇಳಿಸಿ. ಪಾಟ್‌ನ 0–1023ನ ನೇರ 0–255ಕ್ಕೆ ಹೊಂದಿಸಬೇಡಿ. ತೀರಾ ಕೆಳಗಿದ್ರೆ ಸೊನ್ನೆ, ಇಲ್ಲಾಂದ್ರೆ 80ರಿಂದ 255.

ಕುಡುಗೋಲು (ಚನ್ನಗಿರಿ)
ಎಲೆಕ್ಟ್ರಾನಿಕ್ಸ್ ಬಿಟ್ಟು ಒಂದು ಮಾತು. ನಳಿಕೆಯಿಂದ ಬರೋ ನೀರು ಒತ್ತಡದ ವರ್ಗಮೂಲದಂತೆ ಬದಲಾಗೋದು. ನೀರು ಅರ್ಧ ಮಾಡಬೇಕಾದ್ರೆ ಒತ್ತಡ ಕಾಲು ಭಾಗಕ್ಕೆ ಇಳಿಬೇಕು. ಅಷ್ಟು ಇಳಿಸಿದ್ರೆ ಕೋನ್ ನಳಿಕೆಯಲ್ಲಿ ಕೋನ್ ಬಿಚ್ಚೋದೇ ಇಲ್ಲ, ದಪ್ಪ ಹನಿ ಎಲೆ ಮೇಲಿಂದ ಜಾರಿ ನೆಲಕ್ಕೆ ಹೋಗುತ್ತೆ. ಮೊದಲು ಚಿಕ್ಕ ರಂಧ್ರದ ನಳಿಕೆ ಹಾಕ್ರಿ, ಆಮೇಲೆ ವೇಗ 60–70% ತನಕ ಮಾತ್ರ ಇಳಿಸ್ರಿ. ಅಲ್ಲಿಗೆ ಅನಲಾಗ್‌ರೈಟ್ 70ರ ಕೆಳಗಿನ ಚಿಂತೆನೇ ಇರಲ್ಲ.

ಅಡಿಕೆಸಸಿ
ಇದು ತಲೆಗೇ ಹೊಳೆದಿರಲಿಲ್ಲ ಅಣ್ಣ. ನಳಿಕೆ ಬದಲಿಸ್ತೀನಿ.

ಗೇಟ್‌ಚಾರ್ಜ್
ರೀಸೆಟ್ ವಿಷಯ ಉಳೀತು. ಗ್ರೌಂಡ್ ವೈರ್ ಹೇಗೆ ಹೋಗಿದೆ?

ಅಡಿಕೆಸಸಿ
ಬ್ಯಾಟರಿ ಮೈನಸ್ ಊನೋ ಗ್ರೌಂಡಿಗೆ, ಅಲ್ಲಿಂದ ಬ್ರೆಡ್‌ಬೋರ್ಡ್ ಜಂಪರಲ್ಲಿ ಸೋರ್ಸ್‌ಗೆ.

ಗೇಟ್‌ಚಾರ್ಜ್
ಅದೇ ಕಾರಣ. ಮೋಟಾರಿನ ಕರೆಂಟೆಲ್ಲಾ ಊನೋದ ಗ್ರೌಂಡ್ ದಾರೀಲಿ ವಾಪಸ್ ಹೋಗ್ತಿದೆ. ಹೊರಡುವಾಗ ಹತ್ತು ಆಂಪ್ ಎಳೆದ್ರೆ ಆ ತೆಳು ಜಂಪರಲ್ಲೇ ವೋಲ್ಟೇಜ್ ಬಿದ್ದು ಗ್ರೌಂಡ್ ಮೇಲೆದ್ದು ಕೂರುತ್ತೆ. ಸೋರ್ಸ್‌ನಿಂದ ಬ್ಯಾಟರಿ ಮೈನಸ್‌ಗೆ 1 ಚದರ ಮಿಲಿಮೀಟರ್ ವೈರ್ ನೇರ ಎಳೀರಿ. ಊನೋ ಗ್ರೌಂಡಿಗೆ ಬ್ಯಾಟರಿ ಮೈನಸ್‌ನಿಂದಲೇ ಬೇರೆ ವೈರ್. ಮೋಟಾರ್ ದಾರಿ ಬ್ರೆಡ್‌ಬೋರ್ಡ್ ಮೇಲೆ ಬರಲೇಬಾರದು, ಅದರ ಕ್ಲಿಪ್ಪುಗಳು 1 ಆಂಪ್ ಆಸುಪಾಸಿಗೆ ಸರಿ. ಬ್ಯಾಟರಿ ಲೈನ್ ಮೇಲೆ ಮಾಸ್ಫೆಟ್ ಹತ್ತಿರದಲ್ಲೇ 1000 ಮೈಕ್ರೋಫ್ಯಾರಡ್ 25 ವೋಲ್ಟ್. ಮೋಟಾರಿನ ಎರಡು ಕಾಲಿನ ನಡುವೆ ಒಂದು 104 ಸೆರಾಮಿಕ್, ಮೋಟಾರ್ ಮೈಗೇ ಬೆಸೆದಂತೆ.

ಸಾಲ್ಡರ್_ಸೀಮೆ
ಮೋಟಾರಿಗೂ 1000 ಮೈಕ್ರೋಫ್ಯಾರಡ್ ಹಾಕಿದ್ರೆ ಇನ್ನೂ ನುಣುಪಾಗಿ ಓಡಲ್ವಾ?

ಎಚ್‌ಬ್ರಿಡ್ಜ್_ಹುಡುಗಿ
ಬೇಡಪ್ಪಾ! ಪ್ರತಿ ಪಲ್ಸಲ್ಲೂ ಮಾಸ್ಫೆಟ್ ಆ ಕೆಪಾಸಿಟರನ್ನ ಶಾರ್ಟ್ ತರಹ ತುಂಬಿಸಬೇಕಾಗುತ್ತೆ. ದೊಡ್ಡದು ಬ್ಯಾಟರಿ ಕಡೆ, 104 ಮಾತ್ರ ಮೋಟಾರ್ ಕಡೆ.

ಮಂಡಿಪೇಟೆ_ಮೀಟರ್
ಗೇಟ್‌ನಿಂದ ಗ್ರೌಂಡಿಗೆ 10 ಕೆ ಹಾಕೋದು ಮರೀಬೇಡ ತಮ್ಮಾ. ಊನೋ ಬೂಟ್ ಆಗುವಾಗ ಪಿನ್ ತೇಲ್ತಿರುತ್ತೆ, ಪಂಪ್ ತಾನೇ ಹೊಡ್ಕೊಳ್ಳೋಕೆ ಶುರು ಮಾಡುತ್ತೆ. ಕೈಯಲ್ಲಿ ಔಷಧಿ ನಳಿಕೆ ಇರುವಾಗ ಅದು ತಮಾಷೆ ಅಲ್ಲ.

ಗೇಟ್‌ಚಾರ್ಜ್
ಇನ್ನೊಂದು ಇದೆ, ಇದನ್ನ ಬಹಳ ಜನ ಬಿಟ್ಟೇಬಿಡ್ತಾರೆ. ನಳಿಕೆ ಮುಚ್ಚಿದಾಗ ಪಂಪಿನ ಪ್ರೆಶರ್ ಸ್ವಿಚ್ ಟಕ್ ಅಂತ ಮೋಟಾರ್ ನಿಲ್ಲಿಸ್ಬೇಕು. ಡ್ಯೂಟಿ ಕಮ್ಮಿ ಇದ್ರೆ ಪಂಪಿಗೆ ಆ ಒತ್ತಡ ಮುಟ್ಟೋ ಶಕ್ತಿನೇ ಇರಲ್ಲ. ಸ್ವಿಚ್ ಬೀಳಲ್ಲ, ಮೋಟಾರ್ ಸಿಕ್ಕಿಕೊಂಡು ನಿಲ್ಲುತ್ತೆ. ಸುರುಳಿ ರೆಸಿಸ್ಟೆನ್ಸ್ 1 ಓಮ್ ಅಂತ ಇಟ್ಕೊಳ್ಳಿ. 30% ಡ್ಯೂಟೀಲಿ ಸರಾಸರಿ 3.6 ವೋಲ್ಟ್, ಅಂದ್ರೆ ಸುರುಳೀಲಿ 3.6 ಆಂಪ್, 13 ವ್ಯಾಟ್ ಶಾಖ ನಿಂತ ಮೋಟಾರೊಳಗೆ. ಆದ್ರೆ ಬ್ಯಾಟರಿ ಕಡೆ ಆಮೀಟರ್ ತೋರಿಸೋದು ಅದರ 30%, ಬರೀ 1.1 ಆಂಪ್! ಉಳಿದದ್ದು ಡಯೋಡ್ ಸುತ್ತಲೇ ತಿರುಗ್ತಿರುತ್ತೆ. ಬ್ಯಾಟರಿ ಲೈನಿನ 5 ಆಂಪ್ ಫ್ಯೂಸ್ ಕಣ್ಣೂ ಮಿಟುಕಿಸಲ್ಲ. ಫ್ಯೂಸ್ ವೈರ್ ಶಾರ್ಟ್‌ಗೆ ಬೇಕೇ ಬೇಕು, ಮೋಟಾರ್ ಉಳಿಸೋಕೆ ಅದನ್ನ ನಂಬಬೇಡಿ.

ಪರೀಕ್ಷೆ ಹೀಗೆ: ಬರೀ ನೀರು ತುಂಬಿಸಿ, ಅತಿ ಕಮ್ಮಿ ವೇಗ ಇಟ್ಟು ನಳಿಕೆ ಮುಚ್ಚಿ. ಟಕ್ ಅನ್ನದೇ ಕುಂಯ್ ಅಂತ ನಿಂತ್ರೆ ತಕ್ಷಣ ಆಫ್ ಮಾಡಿ ಕನಿಷ್ಠ ಮಿತಿ 10 ಏರಿಸಿ. ಟಕ್ ಅನ್ನೋ ತನಕ ಹೀಗೇ ಮಾಡಿ. ಆ ಸಂಖ್ಯೆಯೇ ನಿಮ್ಮ ಕೆಳಮಿತಿ, 80 ಅಲ್ಲ.

ಅಡಿಕೆಸಸಿ
ಸುರುಳಿ ಅಳೆದ್ರೆ ಮೀಟರಲ್ಲಿ ಒಂದೊಂದ್ಸಲ ಒಂದೊಂದು ಬರ್ತಿದೆ. 1.3, 1.9, 1.6.

ಮಂಡಿಪೇಟೆ_ಮೀಟರ್
ಬ್ರಷ್ ಯಾವ ಪಟ್ಟಿ ಮೇಲೆ ಕೂತಿದೆ ಅನ್ನೋದರ ಮೇಲೆ ಬದಲಾಗ್ತದೆ. ಶಾಫ್ಟ್ ಸ್ವಲ್ಪ ಸ್ವಲ್ಪ ತಿರುಗಿಸಿ ಅತಿ ಕಮ್ಮಿ ಬಂದದ್ದು ತಗೊ. ಅದರಲ್ಲಿ ಪ್ರೋಬ್ ಎರಡು ತಾಗಿಸಿದಾಗ ಬರೋದನ್ನ ಕಳಿ. 0.3 ಇದ್ರೆ ನಿನ್ನದು 1 ಓಮೇ.

ಗಾಳಿಗುಡ್ಡ (ಚಿತ್ರದುರ್ಗ)
ನಡುವೆ ಬಂದದ್ದಕ್ಕೆ ಕ್ಷಮಿಸಿ. ಇದೇ ಸರ್ಕ್ಯೂಟಲ್ಲಿ ಮನೆ ಸೀಲಿಂಗ್ ಫ್ಯಾನ್ ಕಂಟ್ರೋಲ್ ಮಾಡಬಹುದಾ?

ಟೈಮರ್‌ಬಾಬಾ
ಬೇಡವೇ ಬೇಡ. ಹಳೇ ಫ್ಯಾನ್ 230 ವೋಲ್ಟ್ ಎಸಿ ಇಂಡಕ್ಷನ್ ಮೋಟಾರ್. ಈ ಮಾಸ್ಫೆಟ್ ತಾಳೋದು 55 ವೋಲ್ಟ್, ಅದೂ ಡಿಸಿ. ಫ್ಯಾನಿಗೆ ಕೆಪಾಸಿಟರ್ ರೆಗ್ಯುಲೇಟರೇ ಸರಿ.

ಗಾಳಿಗುಡ್ಡ
ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ ಮೋಟಾರಿನ) ಫ್ಯಾನ್ ಆದ್ರೆ?

ಎಚ್‌ಬ್ರಿಡ್ಜ್_ಹುಡುಗಿ
ಅದರೊಳಗೇ ಅದರ ಡ್ರೈವರ್ ಇದೆ, ಸಪ್ಲೈ ಕತ್ತರಿಸಿದ್ರೆ ಡ್ರೈವರ್ ಗಲಿಬಿಲಿ ಆಗುತ್ತೆ. ಕಂಪ್ಯೂಟರಿನ ನಾಲ್ಕು ವೈರಿನ ಫ್ಯಾನ್ ತಗೊಂಡು ಆಟ ಆಡಿ. 12 ವೋಲ್ಟ್ ಸತತ ಇರಲಿ, ನಾಲ್ಕನೇ ವೈರಿಗೆ 25 ಕಿಲೋಹರ್ಟ್ಸ್ ಪಿಡಬ್ಲ್ಯುಎಮ್ ಕೊಡೋದು. ಮಾಸ್ಫೆಟ್, ಡಯೋಡ್ ಏನೂ ಬೇಡ.

ಬ್ರೆಡ್‌ಬೋರ್ಡ್_ಬಸ್ಯಾ
ಒಂದು ಎಚ್ಚರಿಕೆ, ಇದಕ್ಕಾದ್ರೂ ಲೈಕ್ ಕೊಡ್ರಪ್ಪ: ಇದೇ ಊನೋಗೆ ಸರ್ವೋ ಲೈಬ್ರರಿ ಸೇರಿಸಿದ್ರೆ 9, 10ರಲ್ಲಿ ಪಿಡಬ್ಲ್ಯುಎಮ್ ಹೋಯ್ತು. ಸದ್ದು ಮಾಡಿಸೋ ಟೋನ್ ಆದೇಶ ಬಳಸಿದ್ರೆ 3, 11ನೇ ಪಿನ್‌ಗೆ ಪೆಟ್ಟು. 5, 6ರ ಟೈಮರ್ ಮುಟ್ಟಿದ್ರೆ ಸಮಯ ಎಣಿಸೋ ಡಿಲೇ, ಮಿಲಿಸ್ ಆದೇಶ ಎಲ್ಲಾ ಎಡವಟ್ಟು.

ಗೇಟ್‌ಚಾರ್ಜ್
ಬಸ್ಯಾ ಹೀಟ್‌ಸಿಂಕ್ ಬಿಟ್ಟು ಬೇರೆ ಹೇಳಿದ. ಲೈಕ್.

ಅಡಿಕೆಸಸಿ
ಎಲ್‌ಝಡ್44ಎನ್ ಹಾಕಿ, ಗ್ರೌಂಡ್ ಬೇರೆ ಮಾಡಿದೆ. 255ರಲ್ಲಿ ಡ್ರೇನ್-ಸೋರ್ಸ್ 0.06 ವೋಲ್ಟ್, ಮಾಸ್ಫೆಟ್ ತಣ್ಣಗಿದೆ, ರೀಸೆಟ್ ಇಲ್ಲ. ನಳಿಕೆ ಮುಚ್ಚಿ ನೋಡಿದ್ರೆ 120ರಲ್ಲಿ ಟಕ್ ಅಂತು, 110ರಲ್ಲಿ ಇಲ್ಲ. 5822 ಇನ್ನೂ ಸಿಕ್ಕಿಲ್ಲ, ಅಲ್ಲೀವರೆಗೆ 4007 ಎರಡು ಜೋಡಿಸಬಹುದಾ?

ಎಚ್‌ಬ್ರಿಡ್ಜ್_ಹುಡುಗಿ
ಪರೀಕ್ಷೆಗೆ ಒಂದೆರಡು ನಿಮಿಷ ಓಕೆ. ಬಿಸಿಯಾದ ಡಯೋಡ್ ಹೆಚ್ಚು ಕರೆಂಟ್ ಎಳ್ಕೊಂಡು ಇನ್ನೂ ಬಿಸಿಯಾಗುತ್ತೆ, ಎರಡೂ ಸಮ ಹಂಚ್ಕೊಳ್ಳಲ್ಲ. ತೋಟಕ್ಕೆ ಒಯ್ಯೋಕೆ ಮುಂಚೆ 5822 ಹಾಕಿಬಿಡಿ. ಕೆಳಮಿತಿ 130 ಇಡಿ, ಬ್ಯಾಟರಿ ಇಳಿದಾಗ 120 ಸಾಲಲ್ಲ.